ನಮ್ಮ ಲೆಕ್ಕ ನಮಗೂ ತೋರಿಸ್ರಿ

ಕಲಬುರಗಿ ಕಡೆ ಆರೋಗ್ಯದ ಕೆಲಸ ಮಾಡುವ ಸಂಸ್ಥೆಗಳ ಯೋಜನಾ ಪ್ರಸ್ತಾವಗಳನ್ನು ಹತ್ತು ಓದಿದರೆ ಸಾಕು, ಹನ್ನೊಂದನೆಯದನ್ನು ನೀವೇ ಕಣ್ಣು ಮುಚ್ಚಿ ಬರೆಯಬಹುದು. ಮೊದಲ ಪುಟದಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಅನ್ನೋ ಐದು ಹೆಸರು. ಅದರ ಕೆಳಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ. ಅದರ ಕೆಳಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ಎತ್ತಿಕೊಂಡ ಎರಡು ಅಂಕಿ, ಜೊತೆಗೊಂದು ವಿದೇಶಿ ಜರ್ನಲ್ಲಿನ ಹೆಸರು. ಎರಡನೇ ಪುಟದಿಂದ ಶುರುವಾಗೋದು ಆ ಸಂಸ್ಥೆ ಹತ್ತು ವರ್ಷದಿಂದ ಮಾಡ್ತಾ ಬಂದಿರೋದೇ: ತಪಾಸಣಾ ಶಿಬಿರ, ಜಾಗೃತಿ ಜಾಥಾ, ಗೋಡೆ ಬರಹ, ಒಂದು ದಿನದ ತರಬೇತಿ. ಮೊದಲ ಪುಟಕ್ಕೂ ಎರಡನೇ ಪುಟಕ್ಕೂ ಇರುವ ಸಂಬಂಧ, ಲಗ್ನಪತ್ರಿಕೆ ಮೇಲಿನ ಗಣಪತಿಗೂ ಮದುವೆ ಊಟಕ್ಕೂ ಇರುವಷ್ಟೇ.

ನಾನು ಸೇಡಂ ಕಡೆಯವನು. ಹೊಟ್ಟೆಪಾಡು ಬೆಂಗಳೂರಿನಲ್ಲಿ, ಡೇಟಾ ಅನಲಿಸ್ಟ್ ಕೆಲಸ. ನಮ್ಮ ಆಫೀಸಿನ ಒಂದಷ್ಟು ಜನ ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಾಕಿ ನಡೆಸುವ ದೇಣಿಗೆ ಗುಂಪಿದೆ. ‘ನಿಮ್ಮ ಕಡೆಯದು, ನೀನೇ ನೋಡಪ್ಪಾ’ ಅಂತ ಆ ಭಾಗದ ಅರ್ಜಿಗಳೆಲ್ಲ ನನ್ನ ಮುಂದೆಯೇ ಬಂದು ಬೀಳ್ತವೆ. ಹೀಗೆ ಓದ್ತಾ ಓದ್ತಾ ನನಗೆ ಖಾತ್ರಿಯಾದ ಮಾತು ಇದು: ನಮ್ಮ ಊರುಗಳಲ್ಲಿ ಸಂಶೋಧನೆಗೆ ಬರ ಇಲ್ಲ. ಆ ಸಂಶೋಧನೆಯಿಂದ ಒಂದಾದರೂ ತೀರ್ಮಾನ ಬದಲಾಗಲಿ ಅನ್ನೋ ಮನಸ್ಸಿಗೆ ಬರ ಇದೆ.

ನಂಜುಂಡಪ್ಪ ವರದಿಯನ್ನೇ ತಗೊಳ್ಳಿ. 2002ರಲ್ಲಿ ಬಂದ ಆ ವರದಿ 114 ತಾಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 39 ‘ಅತ್ಯಂತ ಹಿಂದುಳಿದ’ ತಾಲೂಕುಗಳು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ 39ರಲ್ಲಿದ್ದವು. ವಾಡಿ, ಶಹಾಬಾದ್ ಆಗ ಚಿತ್ತಾಪುರ ತಾಲೂಕಿನೊಳಗೇ ಇದ್ದವು. ಆ ವರದಿಯ ದೊಡ್ಡಸ್ತಿಕೆ ಇದ್ದದ್ದು ಬೈಗುಳದಂಥ ಆ ಪಟ್ಟಿಯಲ್ಲಿ ಅಲ್ಲ. ಯಾವ ತಾಲೂಕಿಗೆ ಯಾವುದು ಎಷ್ಟು ಕಮ್ಮಿ ಅಂತ ಎಣಿಸಿ, ಕಮ್ಮಿ ಇದ್ದಲ್ಲಿ ಹೆಚ್ಚು ದುಡ್ಡು ಹಾಕಿ ಅಂತ ಅದು ಹೇಳಿತ್ತು. ಎಣಿಕೆಯಿಂದ ಖರ್ಚಿನ ಕಡೆಗೆ ಒಂದು ನೇರ ದಾರಿ ಇತ್ತು. ಇವತ್ತು ಪ್ರಸ್ತಾವ ಬರೆಯೋರಿಗೆ ಆ ದಾರಿ ಬೇಡ, ‘ಅತ್ಯಂತ ಹಿಂದುಳಿದ’ ಅನ್ನೋ ಎರಡು ಪದ ಮಾತ್ರ ಬೇಕು. ಇಪ್ಪತ್ತು ವರ್ಷ ದಾಟಿದರೂ ನಮ್ಮ ಹಿಂದುಳಿದಿರುವಿಕೆ ಇನ್ನೂ ಒಳ್ಳೇ ರೇಟಿಗೆ ಹೋಗ್ತಾ ಇದೆ.

ಈಗ ಶಿಬಿರಕ್ಕೆ ಬರೋಣ. ಭಾನುವಾರ ಶಾಲೆ ಅಂಗಳದಲ್ಲಿ ಶಾಮಿಯಾನ, ಬ್ಯಾನರು, ಬಿಪಿ–ಶುಗರ್ ಚೆಕ್, ಒಂದು ಪಟ್ಟಿ ವಿಟಮಿನ್ ಗುಳಿಗೆ, ಫೋಟೋ. ‘ಒಂದೇ ದಿನ 600 ಫಲಾನುಭವಿಗಳು’ ಅಂತ ವರದಿ. ಸುಮ್ಮನೆ ತಪಾಸಣೆ ಮಾಡಿದರೆ ಜನ ಹೆಚ್ಚು ಕಾಲ ಬದುಕ್ತಾರಾ ಅನ್ನೋ ಪ್ರಶ್ನೆ ಹೊಸದೇನಲ್ಲ. ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಬಳಗ 2019ರಲ್ಲಿ ಸುಮಾರು ಎರಡೂವರೆ ಲಕ್ಷ ಜನರ ಮೇಲೆ ನಡೆದ 15 ಪ್ರಯೋಗಗಳ ಫಲಿತಾಂಶ ಕೂಡಿಸಿ ನೋಡಿತು. ಸಾಮಾನ್ಯ ತಪಾಸಣೆಯಿಂದ ಸಾವಿನ ಪ್ರಮಾಣದಲ್ಲಿ ಹೆಚ್ಚುಕಮ್ಮಿ ಏನೂ ವ್ಯತ್ಯಾಸ ಆಗಲಿಲ್ಲ ಅಂತ ತೀರ್ಮಾನ ಬಂತು.

‘ಅದು ಯುರೋಪು ಅಮೆರಿಕದ ಮಾತು, ಅಲ್ಲಿ ಮನೆಮನೆಗೂ ಡಾಕ್ಟರು. ಚಿಂಚೋಳಿ ತಾಂಡಾದಲ್ಲಿ ಬಿಪಿ ಇರೋದೇ ಗೊತ್ತಿಲ್ಲದವರು ಇದಾರೆ’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹಾಗಾದರೆ ನಮ್ಮಂಥ ಹಳ್ಳಿಗಳಲ್ಲೇ ನಡೆದದ್ದನ್ನು ನೋಡಿ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ 30 ಗ್ರಾಮೀಣ ಸಮುದಾಯಗಳಲ್ಲಿ ಬಿಪಿ ಇದ್ದ 2,645 ಜನರನ್ನು ಎರಡು ವರ್ಷ ಗಮನಿಸಿದರು. ಅರ್ಧ ಕಡೆ ಊರಿನ ಆರೋಗ್ಯ ಕಾರ್ಯಕರ್ತೆಯರೇ ಮನೆಗೆ ಹೋಗಿ ಬಿಪಿ ನೋಡಿ, ಮಾತಾಡಿ, ಜಾಸ್ತಿ ಇದ್ದವರನ್ನು ತರಬೇತಿ ಪಡೆದ ವೈದ್ಯರ ಹತ್ತಿರ ಕಳಿಸಿದರು. ಇನ್ನರ್ಧ ಕಡೆ ಎಂದಿನ ವ್ಯವಸ್ಥೆ. ಮನೆಗೆ ಹೋದ ಕಡೆ ಮೇಲಿನ ಬಿಪಿ ಸರಾಸರಿ 5 ಪಾಯಿಂಟಿನಷ್ಟು ಹೆಚ್ಚು ಇಳಿಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶ ಇದು. ಶಾಮಿಯಾನ ಇಲ್ಲ, ಬ್ಯಾನರ್ ಇಲ್ಲ. ಮತ್ತೆ ಮತ್ತೆ ಬಾಗಿಲು ತಟ್ಟೋದು, ಅಷ್ಟೇ.

ಅಂದರೆ ಪುರಾವೆ ಹೇಳುತ್ತಿರೋದು ‘ಬಿಪಿ ನೋಡಬೇಡಿ’ ಅಂತಲ್ಲ. ನೋಡಿ ಬಿಟ್ಟು ಹೋಗಬೇಡಿ ಅಂತ. ಶಿಬಿರದ ದಿನ ಬಿಪಿ ಜಾಸ್ತಿ ಬಂದವರಲ್ಲಿ ಆರು ತಿಂಗಳ ಮೇಲೆ ಎಷ್ಟು ಜನ ಗುಳಿಗೆ ತಗೊಳ್ತಿದಾರೆ ಅಂತ ಅರ್ಜಿ ಹಾಕಿದ ಸಂಸ್ಥೆಗಳಿಗೆ ನಾನು ಕೇಳ್ತೀನಿ. ಉತ್ತರವಾಗಿ ಮುಂದಿನ ಶಿಬಿರದ ಫೋಟೋ ಬರುತ್ತೆ. ಯಾಕೆ ಅಂತ ಯೋಚಿಸಿದರೆ ಕಾರಣ ಸರಳ. ಶಿಬಿರದ ಫೋಟೋದಲ್ಲಿ ದಾನಿ ಕಾಣ್ತಾನೆ, ಮನೆ ಭೇಟಿಯಲ್ಲಿ ಕಾಣಲ್ಲ.

ಆದರೆ ನಮ್ಮ ಜಿಲ್ಲೆಯಲ್ಲಿ ಪುರಾವೆಯನ್ನು ಮರ್ಯಾದೆಯಿಂದ ನಡೆಸಿಕೊಂಡ ಕೆಲಸವೂ ಆಗಿದೆ. ಗುಲ್ಬರ್ಗಾ ಅನ್ನೋ ಹೆಸರು ಇನ್ನೂ ಬದಲಾಗದ ದಿನಗಳಲ್ಲಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಅನ್ನೋ ಯೋಜನೆ ನಡೀತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಮ್ಯಾನಿಟೋಬಾ ವಿಶ್ವವಿದ್ಯಾಲಯ, ಸೇಂಟ್ ಜಾನ್ಸ್ ಮೊದಲಾದವರು ಸರ್ಕಾರದ ಜೊತೆ ಸೇರಿ ನಡೆಸಿದ್ದು. ಅದರಲ್ಲಿ ಒಂದು ಪ್ರಯೋಗ ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳದ್ದು. ಹೆರಿಗೆ ಮಾಡಿಸುವ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅನುಭವಿ ನರ್ಸ್ ಒಬ್ಬರು ಆಗಾಗ ಬಂದು, ಎರಡು–ಮೂರು ದಿನ ಅಲ್ಲೇ ಇದ್ದು, ಅಲ್ಲಿನ ನರ್ಸುಗಳ ಪಕ್ಕ ನಿಂತು ಕಲಿಸೋದು. ಇನ್ನೊಂದು ಗುಂಪಿಗೆ ಅದಿಲ್ಲ. ಜಿಲ್ಲಾ ಕೇಂದ್ರದ ಹೋಟೆಲ್ ಹಾಲಿನಲ್ಲಿ ಪಿಪಿಟಿ ತೋರಿಸಿ ಊಟ ಹಾಕಿ ಕಳಿಸುವ ತರಬೇತಿಗೂ ಇದಕ್ಕೂ ಎಷ್ಟು ಅಂತರ ನೋಡಿ. ಮಾರ್ಗದರ್ಶಕರು ಬಂದ ಕೇಂದ್ರಗಳಲ್ಲಿ ನರ್ಸುಗಳ ತಿಳಿವಳಿಕೆ ಹೆಚ್ಚಿತು, ಔಷಧ ಉಪಕರಣಗಳ ತಯಾರಿ ಸುಧಾರಿಸಿತು.

ಇದನ್ನು ಹೇಳಿ ಚಪ್ಪಾಳೆ ತಟ್ಟಿ ಮುಗಿಸಬಹುದು. ಮುಗಿಸಬಾರದು. ತಿಳಿವಳಿಕೆ ಹೆಚ್ಚಿದರೆ ಸಾವು ಕಮ್ಮಿಯಾಗುತ್ತೆ ಅಂತ ನಾವು ಸಲೀಸಾಗಿ ನಂಬಿಬಿಡ್ತೀವಿ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟನ್ನು ಮೊದಲು ಪರೀಕ್ಷಿಸಿದ್ದು ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ. ಪ್ರತಿ ಹೆರಿಗೆಯಲ್ಲಿ ಮಾಡಬೇಕಾದ 29 ಕೆಲಸಗಳ ಪೈಕಿ ಸರಾಸರಿ 10 ಆಗ್ತಾ ಇದ್ದದ್ದು 25ಕ್ಕೆ ಏರಿತು. ಎಲ್ಲರಿಗೂ ಖುಷಿ. ಆಮೇಲೆ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ದೊಡ್ಡ ಪ್ರಯೋಗ ಮಾಡಿದರು. 2017ರಲ್ಲಿ ಫಲಿತಾಂಶ ಬಂತು: ನರ್ಸುಗಳ ಕೆಲಸ ಸುಧಾರಿಸಿತ್ತು, ಆದರೆ ತಾಯಿ–ಮಗುವಿನ ಸಾವು ಮತ್ತು ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಳ್ಳೇ ನರ್ಸ್ ಇದ್ದರೆ ಸಾಲದು. ರಕ್ತ ಬೇಕು, ಆಪರೇಷನ್ ಮಾಡುವ ಡಾಕ್ಟರ್ ಬೇಕು, ರಾತ್ರಿ ಎರಡಕ್ಕೆ ಆಂಬುಲೆನ್ಸ್ ಬೇಕು ಅಂತ ನಾನು ಇದರಿಂದ ತಿಳ್ಕೊಂಡೆ.

ಈ ಎರಡೂ ಅಧ್ಯಯನಗಳನ್ನು ಹಾಗೆಯೇ ಪ್ರಕಟಿಸಿದವರಿಗೆ ನನ್ನ ನಮಸ್ಕಾರ. ಆದರೆ ನನ್ನ ಮುಂದೆ ಬರುವ ಅರ್ಜಿಗಳಲ್ಲಿ ‘10ರಿಂದ 25’ ಇರುತ್ತೆ, ‘ವ್ಯತ್ಯಾಸ ಕಾಣಲಿಲ್ಲ’ ಇರಲ್ಲ. ವಕೀಲರು ಕೇಸಿಗೆ ಬೇಕಾದ ಸಾಕ್ಷಿಯನ್ನಷ್ಟೇ ಕೋರ್ಟಿಗೆ ಕರೆಸ್ತಾರೆ. ಅದು ಅವರ ಕಸುಬು. ಆರೋಗ್ಯ ಸಂಸ್ಥೆ ವಕೀಲಿಕೆಗೆ ಇಳಿದರೆ ಸೋಲೋದು ಎದುರು ಪಾರ್ಟಿ ಅಲ್ಲ, ಬಾಣಂತಿ.

ಮೊಟ್ಟೆ ವಿಷಯ ನಿಮಗೆಲ್ಲ ನೆನಪಿರಬೇಕು. 2021ರ ಡಿಸೆಂಬರಿನಲ್ಲಿ ಕಲಬುರಗಿ ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಕೆಲವು ಮಠಾಧೀಶರು ವಿರೋಧಿಸಿದರು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ತೂಗಿ ನೋಡಿತು. ಎಂಟನೇ ತರಗತಿಯ ಹುಡುಗಿಯರ ತೂಕದ ಏರಿಕೆ ಗದಗಿಗಿಂತ ಯಾದಗಿರಿಯಲ್ಲಿ ಶೇ. 71ರಷ್ಟು ಹೆಚ್ಚಿತ್ತು. ಅದೇ 2022ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ತಯಾರಾದ ಒಂದು ನಿಲುವು ಪತ್ರ ಮೊಟ್ಟೆ, ಮಾಂಸದಿಂದ ಮಕ್ಕಳಿಗೆ ಜೀವನಶೈಲಿಯ ಕಾಯಿಲೆ ಬರುತ್ತೆ ಅನ್ನೋ ಅರ್ಥದ ಮಾತು ಹೇಳಿತು. ವೈದ್ಯರು, ಪೌಷ್ಟಿಕತೆ ತಜ್ಞರು, ಆಹಾರ ಹಕ್ಕಿನ ಸಂಘಟನೆಗಳು ಆ ಪತ್ರಕ್ಕೆ ಬಹಿರಂಗವಾಗಿ ಉತ್ತರ ಕೊಟ್ಟರು.

ಎರಡು ಜಿಲ್ಲೆ ಹೋಲಿಸಿದ ಒಂದು ಅಧ್ಯಯನ ಅಂತಿಮ ಸತ್ಯ ಆಗಲ್ಲ. ಯಾದಗಿರಿ ಯಾದಗಿರಿಯೇ, ಗದಗ ಗದಗೇ. ಆದರೆ ತೂಕದ ಯಂತ್ರ ಏನು ಹೇಳಿತೋ ಅದು ಮೊಟ್ಟೆಯ ಬಗ್ಗೆ ಪೌಷ್ಟಿಕ ವಿಜ್ಞಾನ ಮೊದಲಿಂದ ಹೇಳ್ತಾ ಬಂದದ್ದಕ್ಕೆ ತಾಳೆ ಆಯ್ತು. 2022–23ರಲ್ಲಿ ಮೊಟ್ಟೆ ರಾಜ್ಯದ ಎಲ್ಲಾ ಕಡೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ 6 ದಿನ ಆಯ್ತು. ಎಣಿಸಿದರು, ಹೋಲಿಸಿದರು, ಹೇಳಿದರು, ತಟ್ಟೆಯಲ್ಲಿದ್ದದ್ದು ಬದಲಾಯ್ತು. ಪುರಾವೆ ಬಳಸೋದು ಅಂದರೆ ಇದು.

ನನ್ನ ಸಿಟ್ಟು ಬೇರೆ. ಮಕ್ಕಳ ರಕ್ತಹೀನತೆ ಮೇಲೆ ವರ್ಷಗಟ್ಟಲೆ ಯೋಜನೆ ನಡೆಸಿದ ಕೆಲವು ಸಂಸ್ಥೆಗಳು ಆ ದಿನಗಳಲ್ಲಿ ಬಾಯಿಗೆ ಬೀಗ ಹಾಕ್ಕೊಂಡಿದ್ದವು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 65.5 ಮಕ್ಕಳಿಗೆ ರಕ್ತಹೀನತೆ ಅನ್ನೋ ಸಮೀಕ್ಷೆಯ ಅಂಕಿ ಅವರ ಪ್ರತಿ ಕರಪತ್ರದಲ್ಲೂ ಇದೆ. ತೊಗರಿ ಕಣಜದ ಮಕ್ಕಳು ಬಿಳಿಚಿಕೊಂಡಿದಾರೆ ಅಂತ ದುಃಖಪಡೋದು ಅವರಿಗೆ ಬರುತ್ತೆ. ಮೊಟ್ಟೆ ಅಂದ ಕೂಡಲೇ ‘ಅದು ಸೂಕ್ಷ್ಮ ವಿಷಯ’. ಪುರಾವೆ ಸುಲಭದ ಕಡೆ ಕೈ ತೋರಿಸಿದಾಗ ನಾವು ವಿಜ್ಞಾನಿಗಳು, ಕಷ್ಟದ ಕಡೆ ತೋರಿಸಿದಾಗ ನಾವು ಸೂಕ್ಷ್ಮಮತಿಗಳು.

ಸೂಕ್ಷ್ಮ ವಿಷಯ ಅಂದಮೇಲೆ ಧೂಳಿನ ಮಾತು ಬರಲೇಬೇಕು. ವಾಡಿ, ಶಹಾಬಾದ್, ಸೇಡಂ ಅಂದರೆ ಸುಣ್ಣದಕಲ್ಲು. ನಿಮ್ಮ ಅಜ್ಜಿ ಮನೆ ನೆಲಹಾಸು ಶಹಾಬಾದ್ ಕಲ್ಲು, ನಿಮ್ಮ ಅಪಾರ್ಟ್‌ಮೆಂಟಿನ ಸಿಮೆಂಟು ಬಹುಶಃ ನಮ್ಮ ಕಡೆಯದೇ. ಊರಿಗೆ ಹೋದಾಗ ಜನ ಮೊದಲು ಕೇಳೋದು, ‘ಈ ಧೂಳಿಗೆ ನಮ್ಮ ಹುಡುಗ್ರಿಗೆ ದಮ್ಮು ಬರ್ತದೇನ್ರಿ?’ ಅಂತ. ನಾನು ಓದಿದ ಅರ್ಜಿಗಳಲ್ಲಿ ಕಣ್ಣಿನ ಶಿಬಿರ ಇದೆ, ಕೈ ತೊಳೆಯೋ ಪಾಠ ಇದೆ, ಯೋಗ ಇದೆ. ಜನ ಕೇಳಿದ ಪ್ರಶ್ನೆ ಇಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಎರಡು ಲೆಕ್ಕಗಳು ದಿನಾ ತಯಾರಾಗ್ತಾ ಇವೆ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ದಿಮೆಗಳು ಹೊಗೆಕೊಳವೆಯಲ್ಲೇ ಅಳತೆ ಯಂತ್ರ ಕೂರಿಸಿ ಆನ್‌ಲೈನ್ ಆಗಿ ಮಾಹಿತಿ ಕಳಿಸಬೇಕು ಅಂತ ಹೇಳಿತು. ಸಿಮೆಂಟ್ ಅದರಲ್ಲೊಂದು. ಇನ್ನೊಂದು ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಹಿಯಲ್ಲಿ ಕೆಮ್ಮು, ದಮ್ಮು ಅಂತ ಬಂದವರ ಹೆಸರು ದಾಖಲಾಗುತ್ತೆ. ಒಂದು ಲೆಕ್ಕ ಮಾಲಿನ್ಯ ಮಂಡಳಿಗೆ, ಇನ್ನೊಂದು ಆರೋಗ್ಯ ಇಲಾಖೆಗೆ. ಈ ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲ ಸಾಬೀತಾಗಿಬಿಡುತ್ತೆ ಅಂತ ನಾನು ಹೇಳಲ್ಲ. ಹೊಗೆಕೊಳವೆ ಯಂತ್ರ ರಸ್ತೆ ಮೇಲಿನ ಲಾರಿ ಧೂಳನ್ನು ಅಳೆಯಲ್ಲ, ಕಲ್ಲುಗಣಿ ಧೂಳನ್ನೂ ಅಳೆಯಲ್ಲ. ಬೀಡಿ, ಒಲೆ ಹೊಗೆ ಬೇರೆ ಇದೆ. ಆದರೆ ಪ್ರಶ್ನೆ ಶುರುವಾಗೋದು ಅಲ್ಲಿಂದ. ಶುರು ಮಾಡ್ತೀವಿ ಅನ್ನೋ ಒಂದು ಪ್ರಸ್ತಾವವೂ ನನ್ನ ಟೇಬಲ್ಲಿಗೆ ಬಂದಿಲ್ಲ. ದುಡ್ಡು ಕೊಡೋನ ಹೊಗೆಕೊಳವೆ ಕಡೆ ಕೈ ತೋರಿಸೋಕೆ ಯಾರಿಗೆ ಧೈರ್ಯ ಬರುತ್ತೆ ಹೇಳಿ.

ಕಾನೂನು ನೋಡಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. 2021ರ ತಿದ್ದುಪಡಿಯಿಂದ, ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಸಿಎಸ್‌ಆರ್ ಹೊಣೆ ಇರುವ ಕಂಪನಿ, 1 ಕೋಟಿ ಮತ್ತು ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಹೊರಗಿನ ಸಂಸ್ಥೆಯಿಂದ ಅಳೆಸಬೇಕು. ವರದಿ ನಿರ್ದೇಶಕ ಮಂಡಳಿಗೆ ಹೋಗಬೇಕು, ವಾರ್ಷಿಕ ಸಿಎಸ್‌ಆರ್ ವರದಿಗೆ ಲಗತ್ತಾಗಬೇಕು. ಎಲ್ಲ ಚೆನ್ನಾಗಿದೆ. ಆ ವರದಿ ಕನ್ನಡದಲ್ಲಿರಬೇಕು, ಯಾವ ಊರಿನ ಬಗ್ಗೆ ಬರೆದಿದೆಯೋ ಆ ಊರಿನ ಗ್ರಾಮಸಭೆಯಲ್ಲಿ ಓದಬೇಕು ಅಂತ ಮಾತ್ರ ಎಲ್ಲೂ ಇಲ್ಲ. ಮುಂಬೈಯ ಬೋರ್ಡ್ ರೂಮಿಗೆ ಗೊತ್ತಿರುವ ನಮ್ಮೂರಿನ ವಿಷಯ ನಮ್ಮೂರಿಗೆ ಗೊತ್ತಿಲ್ಲ.

ಚಿಂಚೋಳಿ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ನನಗೆ ಹೇಳಿದ ಮಾತಿದು: ‘ಅಣ್ಣಾ, ಹದಿನೈದು ವರ್ಷಾತು ಬರ್ದು ಕೊಡ್ಲಿಕತ್ತೀನಿ. ಮೊದ್ಲ ರಜಿಸ್ಟರ್, ಈಗ ಮೊಬೈಲ್. ಸರ್ವೇದವ್ರು ಬರ್ತಾರ, ಕೇಳ್ತಾರ, ಹೋಗ್ತಾರ. ಆ ಲೆಕ್ಕದಾಗ ನಮ್ಮೂರು ಹ್ಯಾಂಗದ ಅಂತ ಒಬ್ರೂ ತಿರುಗಿ ಬಂದು ಹೇಳಿಲ್ಲ ನೋಡ್ರಿ.’

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಣ್ಣುಮಕ್ಕಳ ಹೆರಿಗೆಗಳ ಮೇಲೆ ನಡೆದ ಪ್ರಯೋಗ 2006ರಲ್ಲಿ ಪ್ರಕಟವಾಯ್ತು. ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ಹೆರಿಗೆ ನಂತರದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯುತ್ತೆ ಅಂತ ಅದು ತೋರಿಸಿತು. 2011ರಲ್ಲಿ ಈ ಬಳಕೆಗಾಗಿ ಆ ಗುಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ಕನ್ನಡದ ಹೆಣ್ಣುಮಕ್ಕಳಿಂದ ಜಗತ್ತು ಕಲಿತಿದೆ. ಅಂಥ ಲೆಕ್ಕ ಜಿನೀವಾ ತನಕ ಹೋಗಬಹುದಾದರೆ, ಸೇಡಂನಿಂದ ಹೊರಟ ಲೆಕ್ಕ ಸೇಡಂಗೆ ವಾಪಸ್ ಬರೋಕೆ ಏನು ಅಡ್ಡಿ?

‘ಸಣ್ಣ ಸಂಸ್ಥೆ ಸ್ವಾಮಿ, ಐದು ಜನ ಸಿಬ್ಬಂದಿ, ಜರ್ನಲ್ ಓದೋಕೆ ಪುರುಸೊತ್ತೆಲ್ಲಿ’ ಅಂತಾರೆ. ಪುರುಸೊತ್ತಿಲ್ಲ ಅನ್ನೋದು ನಿಜ. ‘ಹಳ್ಳಿಯವರಿಗೆ ಅಂಕಿ ಅಂಶ ತಿಳಿಯಲ್ಲ’ ಅಂತಾರೆ. ಇದು ಸುಳ್ಳು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಐದರಿಂದ ಹತ್ತನೇ ಇಯತ್ತೆ ಓದಿದ ಹಳ್ಳಿ ಹೆಣ್ಣುಮಕ್ಕಳಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ಮೂರನೇ ವರ್ಷಕ್ಕೆ ನವಜಾತ ಶಿಶುಮರಣ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಶೇ. 62ರಷ್ಟು ಇಳಿದಿತ್ತು. 1999ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಬಂತು, 2011ರಲ್ಲಿ ದೇಶದ ಕಾರ್ಯಕ್ರಮವಾಯ್ತು. ಇವತ್ತು ನಮ್ಮ ಆಶಾ ಅಕ್ಕ ಹೆರಿಗೆಯಾದ 42 ದಿನದೊಳಗೆ ಆರೇಳು ಸಲ ಮನೆಗೆ ಬಂದು ಕೂಸನ್ನು ತೂಗ್ತಾಳಲ್ಲ, ಅವಳ ಚೀಲದ ತಕ್ಕಡಿ ಆ ಸಂಶೋಧನೆಯೇ. ಜಾರ್ಖಂಡ್, ಒಡಿಶಾಗಳಲ್ಲಿ ಏಕ್‌ಜುಟ್ ಸಂಸ್ಥೆ ತಿಂಗಳಿಗೊಮ್ಮೆ ಹೆಣ್ಣುಮಕ್ಕಳನ್ನು ಕೂರಿಸಿ, ‘ನಮ್ಮ ಕೂಸುಗಳು ಯಾಕೆ ಸಾಯ್ತಾವೆ’ ಅಂತ ಕಥೆ, ಚಿತ್ರಗಳ ಮೂಲಕ ಅವರೇ ಮಾತಾಡುವಂತೆ ಮಾಡಿತು. ಎರಡು ಮತ್ತು ಮೂರನೇ ವರ್ಷದಲ್ಲಿ ನವಜಾತ ಶಿಶುಮರಣ ಶೇ. 45ರಷ್ಟು ಕಮ್ಮಿ. 2007ರಿಂದ ಕರ್ನಾಟಕವೂ ಸೇರಿ 9 ರಾಜ್ಯಗಳಲ್ಲಿ ನಡೆದ ಸಮುದಾಯ ಉಸ್ತುವಾರಿ ಪ್ರಯೋಗದಲ್ಲಿ ಹಳ್ಳಿಯವರೇ ತಮ್ಮ ಆರೋಗ್ಯ ಸೇವೆಗೆ ಕೆಂಪು, ಹಳದಿ, ಹಸಿರು ಬಣ್ಣದ ಅಂಕಪಟ್ಟಿ ಬರೆದರು. ಬಣ್ಣ ಓದೋಕೆ ಇಂಗ್ಲಿಷ್ ಬೇಕಾಗಿಲ್ಲ.

ಈಗ ನಿಮ್ಮ ಸರದಿ. ಹೌದು, ನೀವೇ, ಸಂಬಳದ ದಿನ ಆ್ಯಪಿನಲ್ಲಿ ದೇಣಿಗೆ ಒತ್ತೋರು, ಮ್ಯಾರಥಾನ್ ಓಡೋರು, ವೀಕೆಂಡಿಗೆ ಶಿಬಿರಕ್ಕೆ ಸ್ವಯಂಸೇವಕರಾಗಿ ಹೋಗೋರು. ನೀವು ಕೇಳೋದನ್ನೇ ಸಂಸ್ಥೆಗಳು ಕೊಡ್ತವೆ. ಫೋಟೋ ಕೇಳಿದಿರಿ, ಫೋಟೋ ಕೊಟ್ಟರು. ಇನ್ನು ಮೇಲೆ ನಾಲ್ಕು ಪ್ರಶ್ನೆ ಕೇಳಿ. ಒಂದು, ಈ ಕೆಲಸ ನಮ್ಮಂಥ ಊರಲ್ಲಿ ಫಲ ಕೊಟ್ಟಿದೆಯಾ, ಕೊಡದೆ ಹೋದ ಉದಾಹರಣೆ ಯಾವುದು? ಎರಡು, ಈ ಅಂಕಿ ಓದಿದ ಮೇಲೆ ನೀವು ಯಾವ ಕೆಲಸ ನಿಲ್ಲಿಸಿದಿರಿ? ಮೂರು, ಆರು ತಿಂಗಳ ನಂತರ ಯಾರು ಬಾಗಿಲು ತಟ್ಟುತ್ತಾರೆ? ನಾಲ್ಕು, ಸಿಕ್ಕ ಲೆಕ್ಕವನ್ನು ಯಾವ ದಿನ, ಯಾವ ಊರಿನ ಗ್ರಾಮಸಭೆಯಲ್ಲಿ, ಕನ್ನಡದಲ್ಲಿ ಓದ್ತೀರಿ?

ಎರಡನೇ ಪ್ರಶ್ನೆಗೆ ಉತ್ತರ ಬರದಿದ್ದರೆ ಮುಂದೆ ಓದಬೇಕಾಗಿಲ್ಲ. ಸಂಶೋಧನೆ ಓದಿ ಒಂದು ಕೆಲಸವನ್ನೂ ನಿಲ್ಲಿಸದ ಸಂಸ್ಥೆ ಸಂಶೋಧನೆ ಓದಿಲ್ಲ, ಅಂಟಿಸಿದೆ.

ಕಳೆದ ತಿಂಗಳು ನಮ್ಮ ಗುಂಪಿನ ಅರ್ಜಿ ನಮೂನೆಗೆ ಈ ನಾಲ್ಕು ಪ್ರಶ್ನೆ ಸೇರಿಸಿದ್ದೀವಿ. ಎಂದಿನ ಸಂಸ್ಥೆಗಳಲ್ಲಿ ಮೂರು ಈ ಸಲ ಅರ್ಜಿಯನ್ನೇ ಹಾಕಿಲ್ಲ. ಒಂದು ಸಂಸ್ಥೆ ಮಾತ್ರ ಎರಡು ಸಾಲು ಬರೆದು ಕಳಿಸಿದೆ: ಶಿಬಿರ ನಿಲ್ಲಿಸ್ತೀವಿ, ಆ ದುಡ್ಡಲ್ಲಿ 40 ಮನೆಗೆ ವರ್ಷಪೂರ್ತಿ ಹೋಗ್ತೀವಿ, ನಡೀತದೇನ್ರಿ?

ನಡೀತದ.